ಧೂಳು ಯಾವುದು, ದೋಷ ಯಾವುದು? ಮನೆ ಕಂಪ್ಯೂಟರಿನ ಸದ್ದಿನ ಟಿಪ್ಪಣಿ

ನನ್ನ ಹಾಗೆ ಹಾರ್ಡ್‌ವೇರ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕಳೆದ ವಾರ ಗದಗ ಬೆಟಗೇರಿಯ ಕಾಕು ಮನೆಗೆ ಹೋಗಿದ್ದೆ. "ತಮ್ಮಾ, ಹಾಡು ಹಚ್ಚಿದರ ಚಟಪಟ ಅಂತೈತಿ. ಸಿಪಿಯು ಅಂತೂ ಗೊರಕಿ ಹೊಡೀತೈತಿ. ಧೂಳ ಹೊಕ್ಕೈತೇನ ನೋಡು" ಅಂದರು. ಕೂತು ಕೇಳಿದರೆ ಸದ್ದು ಒಂದಲ್ಲ, ಮೂರು. ಡಬ್ಬಿಯಿಂದ ಗರ್ ಅನ್ನುವುದು ಒಂದು. ಹಾಡಿನ ನಡುವೆ ಚಟ್ ಚಟ್ ಅಂತ ಕಡಿಯುವುದು ಇನ್ನೊಂದು. ಹಾಡು ನಿಲ್ಲಿಸಿದರೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುವುದು ಮೂರನೆಯದು. ಮೊದಲ ಎರಡಕ್ಕೆ ಧೂಳೇ ಕಾರಣ. ಮೂರನೆಯದಕ್ಕೂ ಧೂಳಿಗೂ ಏನೂ ಸಂಬಂಧ ಇರಲಿಲ್ಲ.

ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಐದು ನಿಮಿಷ ಸುಮ್ನೆ ಕೇಳಿ. ಸ್ಪೀಕರ್ ಆಫ್ ಮಾಡಿ. ಆಗಲೂ ಸದ್ದು ಬರುತ್ತಿದ್ದರೆ ಅದು ಫ್ಯಾನಿನದೋ ಹಾರ್ಡ್ ಡಿಸ್ಕಿನದೋ. ಸ್ಪೀಕರ್ ಆನ್ ಮಾಡಿದಾಗ ಮಾತ್ರ ಬಂದರೆ ಹುಡುಕುವ ದಾರಿಯೇ ಬೇರೆ.

ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಪಕ್ಕದ ಕೋಣೆಯಲ್ಲಿ ಕೈಮಗ್ಗ ಇರುವ ಮನೆ ಅದು. ಪ್ರೊಸೆಸರ್ ಮೇಲಿನ ಫ್ಯಾನ್ ಎತ್ತಿದಾಗ ಕೆಳಗೆ ಹೀಟ್ ಸಿಂಕಿನ (ಪ್ರೊಸೆಸರಿನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡಿನ) ಹಲ್ಲುಗಳೇ ಕಾಣಲಿಲ್ಲ. ಬೂದು ಬಣ್ಣದ ಕಂಬಳಿ ತುಂಡು ಹಾಸಿದಂತೆ ಇತ್ತು. ಉಗುರಿನಿಂದ ಒಂದು ಮೂಲೆ ಎತ್ತಿದರೆ ಹರಿಯದೆ ಹಾಗೇ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆ. ಹತ್ತಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿವೆ. ಆ ಬಲೆಯ ತುಂಬ ಎರೆಮಣ್ಣಿನ ಸಣ್ಣ ಪುಡಿ. ಇದನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಒಣ ಧೂಳಿನ ಸಾಕಷ್ಟು ಪಾಲು ಗಾಳಿಯ ಜೊತೆಗೇ ಹೊರಗೆ ಹೋಗುತ್ತದೆ. ಎಳೆ ಬಂದು ಹಲ್ಲುಗಳಿಗೆ ಅಡ್ಡ ಮಲಗಿದ ಮೇಲೆ ಅದೇ ಜರಡಿಯಾಗಿ ಉಳಿದ ಧೂಳನ್ನೆಲ್ಲ ಹಿಡಿಯುತ್ತದೆ. ಮಗ್ಗ ಇಲ್ಲದ ಮನೆಯಲ್ಲಿ ಈ ಕೆಲಸವನ್ನು ತಲೆಗೂದಲು, ಹಾಸಿಗೆಯ ಹತ್ತಿ ಮಾಡುತ್ತವೆ.

ಗಾಳಿ ಹಾಯದಿದ್ದರೆ ಶಾಖ ಇಳಿಯುವುದಿಲ್ಲ. ಮದರ್‌ಬೋರ್ಡು ಫ್ಯಾನನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಕಾಕು ಹೇಳಿದ ಗೊರಕೆ ಇದೇ.

ಇನ್ನು ಚಟ್ ಚಟ್. ಇದು ಸ್ಪೀಕರಿನ ದೋಷ ಅಂತ ಬಹಳ ಜನ ಹೊಸ ಸ್ಪೀಕರ್ ತರುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಂಪ್ಯೂಟರಿನ ಒಳಗೆ ಹಾಡು ಅಂದರೆ ಅಂಕಿಗಳ ಸಾಲು. ಸಾಮಾನ್ಯವಾಗಿ ಒಂದು ಸೆಕೆಂಡಿಗೆ, ಎಡ ಬಲ ಒಂದೊಂದು ಚಾನೆಲ್‌ಗೆ, 48,000 ಅಂಕಿ. ಪ್ರೊಸೆಸರ್ ಇವನ್ನು ಒಂದೊಂದಾಗಿ ಕೊಡುವುದಿಲ್ಲ, ಕಂತು ಕಟ್ಟಿ ಬಫರಿಗೆ, ಅಂದರೆ ಅಂಕಿಗಳನ್ನು ತುಸು ಹೊತ್ತು ಕೂಡಿಡುವ ಜಾಗಕ್ಕೆ, ತುಂಬುತ್ತದೆ. ಒಂದು ಕಂತು 10 ಮಿಲಿಸೆಕೆಂಡಿನದು ಅಂದುಕೊಳ್ಳಿ. ಅದರಲ್ಲಿ 480 ಅಂಕಿ. ಧ್ವನಿ ಚಿಪ್ ಆ 480ನ್ನು ಖಾಲಿ ಮಾಡುವಷ್ಟರಲ್ಲಿ ಮುಂದಿನ ಕಂತು ಬಂದಿರಲೇಬೇಕು. ಬರದಿದ್ದರೆ ಅಲ್ಲಿ ಹಾಡು ತುಂಡಾಗುತ್ತದೆ. ಕಿವಿಗೆ ಅದೇ ಚಟ್ ಅಂತ ಕೇಳುವುದು.

ಇದಕ್ಕೂ ಧೂಳಿಗೂ ಏನು ನಂಟು? ತುಂಬ ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅನೇಕ ಚಿಪ್‌ಗಳಲ್ಲಿ ಇದು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಶುರುವಾಗುತ್ತದೆ. ವೇಗ ಇಳಿದಾಗ ಜೊತೆಗೆ ವಿಡಿಯೊ ಕೂಡ ಓಡುತ್ತಿದ್ದರೆ ಕಂತು ತಡವಾಗುತ್ತದೆ. ಗುರುತು ಸುಲಭ. ಕಂಪ್ಯೂಟರ್ ಹಚ್ಚಿದ ಕೂಡಲೇ ಹಾಡು ಚೆನ್ನಾಗಿದ್ದು, ಹತ್ತು ಹದಿನೈದು ನಿಮಿಷದ ಮೇಲೆ ಫ್ಯಾನಿನ ಅಬ್ಬರದ ಜೊತೆ ಕಡಿಯಲು ಶುರುವಾದರೆ ಶಾಖದ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗಲೂ ಕಡಿದರೆ ಧ್ವನಿ ಚಿಪ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ನೋಡಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಮಾತ್ರ ಕರಕರ ಅಂದರೆ ಆ ಗುಂಡಿಯೊಳಗೇ ಧೂಳು ಕೂತಿದೆ. ಸ್ಪೀಕರ್ ಆಫ್ ಮಾಡಿ, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸ್ವಚ್ಛ ಮಾಡುವಾಗ ಕೆಲವು ಮಾತು ಮರೆಯಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವೈರನ್ನೇ ಕಿತ್ತು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ವೈರ್ ಕಿತ್ತ ಮೇಲೂ ಅದು ಹೊಡೆಯಬಹುದು. ಬೇರೆ ಭಾಗ ಮುಟ್ಟುವ ಮುನ್ನ ಡಬ್ಬಿಯ ಬರಿ ತಗಡು ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ. ಅಂಗಳಕ್ಕೆ ಒಯ್ದು ತೇವ ಇಲ್ಲದ ಪೇಂಟ್ ಬ್ರಷ್‌ನಿಂದ ಉದುರಿಸಿ, ಬ್ಲೋವರ್ ಇದ್ದರೆ ಒಂದು ಗೇಣು ದೂರದಿಂದ ಹಿಡಿಯಿರಿ. ಆಗ ಫ್ಯಾನನ್ನು ಬೆರಳಿನಿಂದ ಒತ್ತಿ ನಿಲ್ಲಿಸಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಹೀಟ್ ಸಿಂಕ್ ಪೂರಾ ತೆಗೆದರೆ ಅದಕ್ಕೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚಿದ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಾಕಲೇಬೇಕು. ಜೋಳದ ಕಾಳಿಗಿಂತ ತುಸು ದೊಡ್ಡ ಹನಿ ಸಾಕು.

ಇಷ್ಟಾದ ಮೇಲೆ ಗೊರಕೆ ನಿಂತಿತು, ಹಾಡು ಕಡಿಯುವುದೂ ನಿಂತಿತು. ಗುಂಯ್ ಮಾತ್ರ ಹಾಗೇ ಇತ್ತು. ಕಾಕು ಮುಖ ಸಣ್ಣದಾಯಿತು.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಓಡುತ್ತದೆ. ಈ ಗುಂಯ್ ಅದರದೇ ದನಿ. ಎಲ್ಲಿಂದ ನುಸುಳುತ್ತಿದೆ ಅಂತ ಹುಡುಕಲು ಒಂದೊಂದೇ ವೈರ್ ಕೀಳುತ್ತ ಹೋದೆ. ಕಂಪ್ಯೂಟರಿನ ಹಸಿರು ಜ್ಯಾಕಿನಿಂದ ಪಿನ್ ತೆಗೆದಾಗ ಸದ್ದು ನಿಂತಿತು. ಅಂದರೆ ಸ್ಪೀಕರುಗಳನ್ನು ನಡೆಸುವ ಹೋಮ್ ಥಿಯೇಟರ್ ಡಬ್ಬಿ ಚೆನ್ನಾಗಿದೆ. ಪಿನ್ ಮತ್ತೆ ಹಾಕಿ, ಟಿವಿಯ ಸೆಟ್ ಟಾಪ್ ಬಾಕ್ಸಿಗೆ ಬೀದಿಯಿಂದ ಬರುವ ಕೇಬಲ್ ಬಿಚ್ಚಿದೆ. ಆಗಲೂ ನಿಂತಿತು! ಕಂಪ್ಯೂಟರೂ ಸೆಟ್ ಟಾಪ್ ಬಾಕ್ಸೂ ಒಂದೇ ಹೋಮ್ ಥಿಯೇಟರಿಗೆ ಸೇರಿದ್ದವು. ಕಂಪ್ಯೂಟರಿಗೆ ಮನೆಯ ಅರ್ಥಿಂಗ್, ಕೇಬಲ್ಲಿಗೆ ಬೀದಿಯ ಅರ್ಥಿಂಗ್. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಆಡಿಯೊ ವೈರಿನ ಲೋಹದ ಹೊದಿಕೆಯ ಮೂಲಕ ಕರೆಂಟು ಹರಿಯುತ್ತಿತ್ತು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಕೆಲವರು ಪ್ಲಗ್ಗಿನ ಮೂರನೇ ಪಿನ್ ಮುರಿದು ಇದನ್ನು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ವೈರ್ ತಾಗಿ ತಗಡಿಗೆ ಕರೆಂಟು ಬಂದ ದಿನ ಪ್ರಾಣ ಉಳಿಸುವುದು ಆ ಪಿನ್ನೇ. ಆಡಿಯೊ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಒಳಗೆ ಇರುವುದು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ದಾಟುತ್ತದೆ, ಗುಂಯ್ ದಾಟುವುದಿಲ್ಲ.

ಸದ್ದೇ ಬರದ ಕೇಸು ಇದಕ್ಕಿಂತ ಸುಲಭ. ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ವೈರ್) ಮಾನಿಟರ್ ಜೋಡಿಸಿದ ಮೇಲೆ ವಿಂಡೋಸ್ ಎಷ್ಟೋ ಸಲ ಧ್ವನಿಯನ್ನು ಅದಕ್ಕೇ ಕಳಿಸುತ್ತಿರುತ್ತದೆ, ಔಟ್‌ಪುಟ್ ಬದಲಿಸಿದರೆ ಆಯಿತು. ಹೆಡ್‌ಫೋನ್ ತೆಗೆದ ಮೇಲೂ ಸ್ಪೀಕರ್ ಮೂಕವಾಗಿದ್ದರೆ ಡಬ್ಬಿಯ ಮುಂಭಾಗದ ಜ್ಯಾಕಿನೊಳಗೆ ಧೂಳು ಸಿಕ್ಕಿದೆಯೇ ನೋಡಿ. ಪಿನ್ ಇದೆಯೋ ಇಲ್ಲವೋ ಹೇಳುವ ಸಣ್ಣ ಸ್ವಿಚ್ ಅಲ್ಲೇ ಇರುತ್ತದೆ.

ಕಾಕು ಮನೆಯ ಡಬ್ಬಿಯನ್ನು ನೆಲದಿಂದ ಎತ್ತಿ ಮರದ ಸ್ಟೂಲಿನ ಮೇಲೆ, ಮಗ್ಗದ ಕೋಣೆಯ ಬಾಗಿಲಿಗೆ ದೂರ ಇಟ್ಟಿದ್ದೇನೆ. ಆಷಾಢದ ಗಾಳಿ ನಿಂತ ಮೇಲೆ ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ. ಅಷ್ಟರಲ್ಲಿ ಎಷ್ಟು ಎಳೆ ಕೂತಿರುತ್ತದೋ ನೋಡಬೇಕು.