ಹಗ್ಗ ಬಿಚ್ಚುವ ಹೊತ್ತು

ಬೆಂಗಳೂರಿನ ಪಕ್ಕದ ಜಿಗಣಿಯಿಂದ ಗ್ರಾನೈಟ್ ಲಾರಿ ಹೊರಟಿತೆಂದು ಫೋನ್ ಬಂದ ಕೂಡಲೇ ಮನೆ ಕಟ್ಟಿಸುವವರು ನನ್ನನ್ನು ಕೇಳುವುದು ಒಂದೇ: ‘ಇಳಿಸೋಕೆ ಎಷ್ಟು ಜನ ಬೇಕು ಸಾರ್?’ ನಾನು ತಿರುಗಿ ಕೇಳುತ್ತೇನೆ: ‘ಲಾರಿ ಎಲ್ಲಿ ನಿಲ್ಲಿಸ್ತೀರಿ?’

ಜನರ ಲೆಕ್ಕ ಸುಲಭ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,700 ಕೆಜಿ ತೂಗುತ್ತದೆ. 9 ಅಡಿ ಉದ್ದ, 5 ಅಡಿ ಎತ್ತರ, 18 ಮಿ.ಮೀ. ದಪ್ಪದ ಸ್ಲ್ಯಾಬ್ ಎಂದರೆ ಹತ್ತಿರ ಹತ್ತಿರ 200 ಕೆಜಿ. ಆರು ಜನ ಹಿಡಿದರೆ ತಲೆಗೆ 33 ಕೆಜಿ, ಸಿಮೆಂಟ್ ಮೂಟೆಗಿಂತ ಹಗುರ. ಮೋಸ ಮಾಡುವುದೇ ಈ ಲೆಕ್ಕ. ಕಲ್ಲು ಇಳಿಸುವವರ ಪ್ರಾಣಕ್ಕೆ ಕುತ್ತು ಬರುವುದು ಹೊರಲಾಗದೆ ಅಲ್ಲ, ಲಾರಿಯಲ್ಲೇ ಕಲ್ಲು ಮಗುಚಿ.

ನೆಟ್ಟಗೆ ನಿಂತ ಸ್ಲ್ಯಾಬಿನ ತಲೆ ಮುಕ್ಕಾಲು ಇಂಚು ವಾಲಿದರೆ ಸಾಕು, ಬೀಳುತ್ತದೆ. ಅದಕ್ಕೇ ಲಾರಿಯ ನಡುವೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಎರಡೂ ಬದಿಗೆ ಒರಗಿಸಿ ಹಗ್ಗ ಬಿಗಿಯುತ್ತಾರೆ. ಆದರೆ ನಮ್ಮ ರಸ್ತೆಗಳ ಅಂಚು ಚರಂಡಿಯತ್ತ ಇಳಿಜಾರು. ಅಲ್ಲಿ ಎಡಚಕ್ರ ಇಳಿದರೆ ಲಾರಿ ಅತ್ತ ವಾಲಿ, ಎಡಬದಿಯ ಕಲ್ಲುಗಳ ಒರಗು ಕಡಿಮೆಯಾಗುತ್ತದೆ. ದಾರಿಯ ಹಂಪುಗಳಲ್ಲಿ ಮರದ ಬೆಣೆಯೂ ಸಡಿಲಾಗಿರುತ್ತದೆ. ಆಗ ಕಲ್ಲನ್ನು ಹಿಡಿದು ನಿಲ್ಲಿಸಿರುವುದು ಹಗ್ಗವೊಂದೇ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಗ್ಗ ಬಿಚ್ಚುವವನು ನಿಂತಿರುವುದು ಕಲ್ಲಿಗೂ ಲಾರಿಯ ಪಕ್ಕದ ಹಲಗೆಗೂ ನಡುವೆ. ಓಡಲು ಜಾಗವೇ ಇಲ್ಲ. ಐದು ಕಲ್ಲು ಒಟ್ಟಿಗೆ ಬಂದರೆ ಒಂದು ಟನ್.

ಹಾಗಾಗಿ ನನ್ನ ಸೈಟಿನಲ್ಲಿ ಮಟ್ಟಸ ಜಾಗ ಸಿಗುವವರೆಗೆ, ಚಕ್ರಕ್ಕೆ ಅಡ್ಡ ಕೊಡುವವರೆಗೆ ಹಗ್ಗ ಮುಟ್ಟುವಂತಿಲ್ಲ. ಬಿಚ್ಚುವ ಮೊದಲೇ ಒಳಗಿನ ಕಲ್ಲುಗಳನ್ನು ಸ್ಟ್ಯಾಂಡಿಗೆ ಬೇರೊಂದು ಹಗ್ಗದಿಂದ ಕಟ್ಟಿಸುತ್ತೇನೆ, ಹೊರಗಿನದೊಂದು ಮಾತ್ರ ಬಿಡುಗಡೆ. ಹಿಡಿಯುವವರು ಕಲ್ಲಿನ ಎರಡು ತುದಿಯಲ್ಲಿರಬೇಕು, ಮುಖದೆದುರು ಯಾರೂ ನಿಲ್ಲಕೂಡದು. ಈ ಬದಿಯಿಂದ ಎರಡು, ಆ ಬದಿಯಿಂದ ಎರಡು ಇಳಿಸಬೇಕು. ಒಂದೇ ಕಡೆ ಖಾಲಿ ಮಾಡುತ್ತ ಹೋದರೆ ಉಳಿದ ಭಾರಕ್ಕೆ ಸ್ಟ್ಯಾಂಡೇ ಮಗುಚೀತು. ‘ಇಪ್ಪತ್ತು ವರ್ಷದಿಂದ ಇಳಿಸ್ತಾ ಇದೀವಿ ಸಾರ್’ ಎಂದು ಮೇಸ್ತ್ರಿ ಗೊಣಗುತ್ತಾನೆ. ಗೊಣಗಲಿ. ಲೋಡಿಗಿಷ್ಟು ಎಂದು ಕೂಲಿ ಮಾತಾಡಿದವನಿಗೆ ಅವಸರ ಇದ್ದದ್ದೇ.

ಮಳೆಗಾಲದ ತಂಟೆಯೇ ಬೇರೆ. ಪಾಲಿಷ್ ಆದ ಎರಡು ಮುಖಗಳ ನಡುವೆ ನೀರು ಸೇರಿದರೆ ಕಲ್ಲುಗಳು ಅಂಟಿಕೊಳ್ಳುತ್ತವೆ. ಒಂದನ್ನು ಎಳೆದರೆ ಹಿಂದಿನದೂ ಅರ್ಧ ದೂರ ಬಂದು, ಅಲ್ಲಿ ಕಳಚಿಕೊಳ್ಳುತ್ತದೆ. ಮೊದಲು ಮರದ ಬೆಣೆ ತೂರಿಸಿ ಬಿಡಿಸಿಕೊಳ್ಳಬೇಕು. ಬೆಂಗಳೂರಿನೊಳಗೆ ಹಗಲು ದೊಡ್ಡ ಲಾರಿಗಳಿಗೆ ನಿರ್ಬಂಧವಿರುವುದರಿಂದ ಇದೆಲ್ಲ ಹೆಚ್ಚಾಗಿ ನಡೆಯುವುದು ರಾತ್ರಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ. ಎರಡು ಫೋಕಸ್ ಲೈಟಿಗೆ ಖರ್ಚು ಮಾಡಿ ಎಂದರೆ ಮಾರ್ಬಲ್ ಪೂಜಾಕೋಣೆ ಕಟ್ಟಿಸುವವರೂ ಮುಖ ಸಿಂಡರಿಸುತ್ತಾರೆ.

ಬೀಳುವ ಕಲ್ಲನ್ನು ತಡೆಯಲು ಹೋಗಬೇಡಿ ಎಂದು ಪ್ರತಿ ಸಲವೂ ಹೇಳುತ್ತೇನೆ. ಹಿಂದೊಮ್ಮೆ ಕಲ್ಲು ವಾಲಿದಾಗ ಮನೆಯ ಯಜಮಾನರು ಗೇಟಿನಿಂದಲೇ ‘ಹಿಡೀರಿ, ಹಿಡೀರಿ!’ ಎಂದು ಕೂಗಿದರು. ಹುಡುಗನೊಬ್ಬ ಹಿಡಿಯಲು ಹೋದ. ಎರಡು ಬೆರಳು ಹೋದವು, ಕಲ್ಲೂ ಉಳಿಯಲಿಲ್ಲ. ಅಂದಿನಿಂದ ಇಳಿಸುವ ಹೊತ್ತಿನಲ್ಲಿ ಯಜಮಾನರನ್ನು ಕಾಫಿಗೆ ಕಳಿಸಿಬಿಡುತ್ತೇನೆ.

ಇನ್ನು ಹೊರುವುದು. ಮಲಗಿಸಿ ಎತ್ತಿದರೆ ಗ್ರಾನೈಟ್ ತನ್ನ ಭಾರಕ್ಕೇ ನಡುವೆ ಮುರಿದೀತು, ನಿಲ್ಲಿಸಿಯೇ ಒಯ್ಯಬೇಕು. ಹೈಡ್ರಾ ಕ್ರೇನ್ ತರಿಸುವುದಾದರೆ ನೈಲಾನ್ ಬೆಲ್ಟ್ ಹಾಕಿಸಿ, ಚೈನ್ ಬೇಡ, ಜಾರುತ್ತದೆ. ಮೇಲಿನ ಕರೆಂಟ್ ತಂತಿ ನೋಡಿಕೊಳ್ಳಿ.

ಒಳಗೆ ತಂದ ಮೇಲೆ ಕಲ್ಲನ್ನು ಕಂಬಕ್ಕೆ ಒರಗಿಸಿ. ನಾಲ್ಕಿಂಚಿನ ಹೊಸ ಬ್ಲಾಕ್ ಗೋಡೆಗೆ ಒರಗಿಸಿಟ್ಟ ಹತ್ತು ಸ್ಲ್ಯಾಬುಗಳು ಗೋಡೆಯನ್ನೂ ತಳ್ಳಿಕೊಂಡು ಅತ್ತ ಬಿದ್ದದ್ದನ್ನು ಒಂದು ಬೆಳಿಗ್ಗೆ ನೋಡಿದ್ದೇನೆ. ದಿನವೂ ಗೋಡೆಯ ಆಚೆ ಬದಿಯಲ್ಲಿ ಟೈಲ್ಸ್ ಕೆಲಸದವರು ಮಲಗುತ್ತಿದ್ದರು. ಹಿಂದಿನ ರಾತ್ರಿ ಮಾತ್ರ ಸೆಕೆಯೆಂದು ಟೆರೇಸಿಗೆ ಹೋಗಿದ್ದರು.