ಕೊಡಗಿನ ಕೋವಿ: ಹೈಕೋರ್ಟ್ ಹೇಳಿದ್ದೇನು, ನಾವು ಕೇಳಿಸಿಕೊಂಡಿದ್ದೇನು?

"ಹೈಕೋರ್ಟೇ ಹೇಳಿದೆಯಲ್ಲ ಸಾರ್, ಕೋವಿ ನಮ್ಮ ಹಕ್ಕು ಅಂತ!" ಕೊಡಗಿನವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೈಕೋರ್ಟ್ ಹಾಗೆ ಹೇಳಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಹಿತಕ್ಕೆ ಬೇಕೆನಿಸಿದರೆ ಕೇಂದ್ರ ಸರ್ಕಾರ ಕೆಲವು ವರ್ಗದವರಿಗೆ ವಿನಾಯಿತಿ ಕೊಡಬಹುದು. ಕೊಡವರಿಗೂ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಸಿಕ್ಕಿರುವುದು ಇದೇ, ಕೋವಿ ಲೈಸೆನ್ಸ್‌ನಿಂದ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದಿದ್ದು. 2019ರಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಜಾತಿ, ಜಮೀನು ನೋಡಿ ಹೀಗೆ ಕೊಡುವುದು ಸಮಾನತೆಗೆ ವಿರುದ್ಧ ಅಂತ ಒಬ್ಬರು ಹೈಕೋರ್ಟ್‌ಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಅವರ ಅರ್ಜಿ ವಜಾ ಆಯಿತು.

ಯಾಕೆ ವಜಾ ಆಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಓದಿ. ಕೊಡವರು ಯೋಧ ಪರಂಪರೆಯವರು, ಸ್ವಾತಂತ್ರ್ಯಕ್ಕೂ ಮುಂಚಿನಿಂದ ಈ ವಿನಾಯಿತಿ ಇದೆ ಅಂತ ಪೀಠ ಹೇಳಿತು. ಇದು ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೇ, ಈ ವಿನಾಯಿತಿ ಶಾಶ್ವತ ಅಲ್ಲ, ಹತ್ತು ವರ್ಷಕ್ಕೆ ಮಾತ್ರ, ಅದೂ ಷರತ್ತುಗಳೊಂದಿಗೆ ಅಂತಲೂ ಹೇಳಿತು. ಇದನ್ನು ಯಾರೂ ಓದುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆದೇಶ ಗಟ್ಟಿಯಾಗಿ ನಿಂತಿರುವುದೇ ಅದರ ಮೇಲೆ. "ಹುಟ್ಟಿನಿಂದ ಬಂದ ಹಕ್ಕು, ಯಾವ ಷರತ್ತೂ ಇಲ್ಲ" ಅಂತ ನೀವು ವಾದಿಸಿದರೆ, ನಿಮ್ಮನ್ನು ಉಳಿಸಿದ ವಾದವನ್ನು ನೀವೇ ಕೆಡವಿದ ಹಾಗೆ, ಅಲ್ವಾ?

ಇನ್ನೊಂದು ಕಡೆಯವರ, ಅಂದರೆ ವಿನಾಯಿತಿ ಇಲ್ಲದವರ, ಕಥೆಯೂ ಇದೇ. ಸಕಲೇಶಪುರ ಕಡೆಯ ತೋಟದ ಯಜಮಾನರೊಬ್ಬರು ಕಾಡುಹಂದಿ ಕಾಟದಿಂದ ರೋಸಿಹೋಗಿ ನನ್ನ ವಕೀಲಿ ಕಚೇರಿಗೆ ಬಂದಿದ್ದರು. "ಅವರಿಗೆ ಕೊಟ್ಟ ಮೇಲೆ ನನಗೂ ಕೊಡಬೇಕಲ್ಲ, ಸಂವಿಧಾನದಲ್ಲಿ ಸಮಾನತೆಯ 14ನೇ ವಿಧಿ ಇದೆ" ಅಂತ ಅವರ ವಾದ. ತುಂಬಾ ಒಳ್ಳೆಯ ಮನುಷ್ಯ, ಬರುವಾಗ ಕಾಫಿಪುಡಿಯನ್ನೂ ತಂದಿದ್ದರು. ಅರ್ಧ ಗಂಟೆ ವಿವರಿಸಿದೆ. ನೀವು ಗೆದ್ದರೆ ಕೋರ್ಟ್ ಆ ಅಧಿಸೂಚನೆಯನ್ನು ರದ್ದು ಮಾಡಬಹುದು. ಆಗ ಅವರದು ಹೋಗುತ್ತದೆ, ನಿಮಗೆ ಬರುವುದಿಲ್ಲ. ಯಾರಿಗೆ ವಿನಾಯಿತಿ ಅನ್ನುವುದನ್ನು ಸರ್ಕಾರ ತೀರ್ಮಾನಿಸಬೇಕು, ಕೋರ್ಟ್ ಹಂಚುವುದಿಲ್ಲ. ಕೊನೆಗೂ ಅವರು, "ಹಾಗಾದ್ರೆ ಕೇಸ್ ಯಾವಾಗ ಹಾಕೋಣ?" ಅಂದರು.

ವಾಟ್ಸಾಪ್‌ನಲ್ಲಿ ಬರುವ ಅಮೆರಿಕದ ತೀರ್ಪುಗಳನ್ನು ದಯವಿಟ್ಟು ತರಬೇಡಿ. ಅಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿ ಇದೆ. 2022ರಲ್ಲಿ ನ್ಯೂಯಾರ್ಕ್‌ನ ಲೈಸೆನ್ಸ್ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಅದರ ಬಲದಿಂದ. ನಮ್ಮ ಸಂವಿಧಾನದಲ್ಲಿ ಅಂಥದ್ದು ಇಲ್ಲ.

ಜಾಸ್ತಿ ಗಲಾಟೆ ಆಗುವುದು ಚುನಾವಣೆ ಹೊತ್ತಿಗೆ, ಕೋವಿ ಠಾಣೆಗೆ ತಂದಿಡಿ ಅಂದಾಗ. ಇಲ್ಲೂ "ಹಕ್ಕು" ಅಂತ ಸುಮ್ನೆ ಕೂಗಾಡಿ ಪ್ರಯೋಜನವಿಲ್ಲ. ಒಬ್ಬೊಬ್ಬರ ವಿಚಾರ ನೋಡದೆ ಎಲ್ಲರಿಗೂ ಸಾರಾಸಗಟು ಆದೇಶ ಹೊರಡಿಸುವುದನ್ನು ಹೈಕೋರ್ಟ್‌ಗಳು ಒಪ್ಪದ ಉದಾಹರಣೆಗಳಿವೆ. ನಿಮ್ಮ ಮೇಲೆ ಕ್ರಿಮಿನಲ್ ಕೇಸಿಲ್ಲ, ಹಿಂದೆ ಚುನಾವಣೆಯಲ್ಲಿ ಗಲಾಟೆ ಮಾಡಿಲ್ಲ ಅಂತಾದರೆ, ಅದನ್ನು ಬರೆದು ದಾಖಲೆ ಸಮೇತ ಅರ್ಜಿ ಕೊಡಿ. ಕೇಳದಿದ್ದರೆ ಮುಂದೆ ಹೋಗೋಣ. ಗೆಲ್ಲುತ್ತೀರಿ ಅಂತ ಭರವಸೆ ಕೊಡಲಾರೆ. ಬರುವಾಗ ವಿನಾಯಿತಿ ಪತ್ರ ಮರೆಯದೆ ತನ್ನಿ. ಕೋವಿ ಮನೆಯಲ್ಲೇ ಇರಲಿ.