ಮರಡಿಹಳ್ಳಿಯ ಕಲ್ಲು, ಫಿನ್ ತಿಮಿಂಗಿಲದ ಕೂಗು

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಚಿತ್ರದುರ್ಗ ಜಿಲ್ಲೆಯ ಈ ಊರಿನ ಹತ್ತಿರ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಕಲ್ಲಿಗೆ ದಿಂಬು ಲಾವಾ ಅನ್ನುತ್ತಾರೆ. ಲಾವಾ ನೀರಿನೊಳಗೆ ಉಕ್ಕಿದರೆ ಈ ಆಕಾರ ಬರುತ್ತದೆ. ತಣ್ಣೀರು ತಾಗಿದ ಕೂಡಲೇ ಹೊರಗಿನ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಕುದಿಯುತ್ತಿರುತ್ತದೆ. ಅದು ಸಿಪ್ಪೆ ಸೀಳಿಕೊಂಡು ಹೊರಬಂದು ಇನ್ನೊಂದು ದಿಂಬಾಗುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ, ನಾವು ನಿಂತಿದ್ದ ಆ ಒಣ ನೆಲ ನೀರಿನ ತಳವಾಗಿತ್ತು. ಅವಳು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇಲ್ಲಿ ತಿಮಿಂಗಿಲ ಇತ್ತಾ ಮಾಮ?"

ಇರಲಿಲ್ಲ. ಆಗ ಮೀನೇ ಇರಲಿಲ್ಲ, ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ತಿಮಿಂಗಿಲಗಳ ಹಿರೀಕರು ನೆಲ ಬಿಟ್ಟು ನೀರಿಗೆ ಇಳಿದು ಐದು ಕೋಟಿ ವರ್ಷ ಆಗಿರಬಹುದು, ಅಷ್ಟೆ. ಅವುಗಳ ಹತ್ತಿರದ ನೆಂಟನೊಬ್ಬನ ಪಳೆಯುಳಿಕೆ ನಮ್ಮ ಜಮ್ಮು ಕಾಶ್ಮೀರದಲ್ಲೇ ಸಿಕ್ಕಿದೆ. ಇಂಡೋಹಯಸ್ ಅಂತ ಹೆಸರು. ಬೆಕ್ಕಿನ ಗಾತ್ರದ, ಗೊರಸಿನ ಪ್ರಾಣಿ.

ಆದರೂ ಆ ಪ್ರಶ್ನೆಯನ್ನು ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಯಾಕಂದರೆ ಈ ಜಾತಿಯ ಕಲ್ಲಿಗೂ ಫಿನ್ ತಿಮಿಂಗಿಲಕ್ಕೂ ನಿಜಕ್ಕೂ ಒಂದು ನಂಟಿದೆ.

ನೀಲಿ ತಿಮಿಂಗಿಲ ಬಿಟ್ಟರೆ ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ಪ್ರಾಣಿ ಇಲ್ಲ. ಎರಡು ಸರ್ಕಾರಿ ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದ ಬೆಳೆಯಬಲ್ಲದು. ದಕ್ಷಿಣ ಸಮುದ್ರದ ಹೆಣ್ಣುಗಳು 25 ಮೀಟರ್ ದಾಟುವುದೂ ಉಂಟು. ತೂಕ 40ರಿಂದ 80 ಟನ್. ಇಷ್ಟಿದ್ದರೂ ಮೈಕಟ್ಟು ಸಪೂರ. ಅವಸರ ಬಿದ್ದರೆ ಗಂಟೆಗೆ 35 ಕಿಲೋಮೀಟರ್ ದಾಟಿ ಓಡುತ್ತದೆ. ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು. ಮೀನಿನ ಗುಂಪನ್ನು ಬೆದರಿಸಿ ಒತ್ತಟ್ಟಿಗೆ ತರಲು ಇದು ನೆರವಾಗುತ್ತದೆ ಎಂಬ ಊಹೆಯಿದೆ. ಮರಿ ಹುಟ್ಟುವಾಗಲೇ ಆರು ಮೀಟರ್ ಉದ್ದ ಇರುತ್ತದೆ. ಆಯಸ್ಸು 80-90 ವರ್ಷ.

ಇದು ಊಟ ಮಾಡುವ ರೀತಿ ತಿಳಿಯಬೇಕಾದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೆನೆಸಿಕೊಳ್ಳಿ. ಕಾದ ಮರಳಿಗೆ ಅಕ್ಕಿ ಹಾಕಿ ಹುರಿದು, ಅರಳಿದ ಕೂಡಲೇ ಎಲ್ಲವನ್ನೂ ಜರಡಿಗೆ ಸುರಿಯುತ್ತಾರೆ. ಮರಳು ಕೆಳಗೆ ಬೀಳುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಫಿನ್ ತಿಮಿಂಗಿಲದ ಬಾಯಲ್ಲಿ ಹಲ್ಲಿಲ್ಲ, ಅಂಥದ್ದೇ ಒಂದು ಜರಡಿ ಇದೆ. ಮೇಲ್ದವಡೆಯಿಂದ ನೂರಾರು ಪಟ್ಟಿಗಳು ಇಳಿಬಿದ್ದಿರುತ್ತವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದ ಇವೂ ಆಗಿವೆ. ಒಳಅಂಚು ಕುಂಚದಂತೆ ಎಳೆ ಎಳೆ. ಸಿಗಡಿಯಂಥ ಪುಟ್ಟ ಕ್ರಿಲ್‌ಗಳ ಹಿಂಡು ಕಂಡರೆ ತಿಮಿಂಗಿಲ ವೇಗವಾಗಿ ನುಗ್ಗಿ ಬಾಯಿ ತೆರೆಯುತ್ತದೆ. ಗದ್ದದಿಂದ ಹೊಕ್ಕುಳವರೆಗೆ ಇರುವ ನೆರಿಗೆಗಳು ಬಿಚ್ಚಿಕೊಳ್ಳುತ್ತವೆ. ಕೆಲವೇ ಸೆಕೆಂಡಿನಲ್ಲಿ ಸುಮಾರು 70 ಸಾವಿರ ಲೀಟರ್ ನೀರು ಒಳಗೆ!

ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಾಗುತ್ತದೆ. ಟ್ರ್ಯಾಕ್ಟರ್ ಎಳೆಯುವ ಐದು ಸಾವಿರ ಲೀಟರಿನ ಟ್ಯಾಂಕರ್ ಹದಿನಾಲ್ಕು ಬೇಕು. ಅದು ಒಂದೇ ಒಂದು ಗುಟುಕು. ಆ ಭಾರಕ್ಕೆ ಪ್ರಾಣಿ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಆಮೇಲೆ ನೀರನ್ನು ಜರಡಿಯ ಮೂಲಕ ಹೊರಗೆ ತಳ್ಳುತ್ತದೆ. ಉಳಿಯುವುದು ಸುಮಾರು ಹತ್ತು ಕೆಜಿ ಕ್ರಿಲ್. ಹೊಟ್ಟೆ ತುಂಬಲು ದಿನವಿಡೀ ಹೀಗೆ ನುಗ್ಗುತ್ತಲೇ ಇರಬೇಕು.

ಇದರಲ್ಲಿ ನನಗೆ ಬಹಳ ಹಿಡಿಸಿದ ಎರಡು ಸಂಗತಿಗಳಿವೆ. ನಮ್ಮ ನರಗಳನ್ನು ಜಾಸ್ತಿ ಎಳೆದರೆ ಹಾಳಾಗುತ್ತವೆ, ಅಲ್ವಾ? ಈ ತಿಮಿಂಗಿಲದ ಬಾಯಿಯ ನರಗಳು ಎರಡರಷ್ಟು ಉದ್ದಕ್ಕೆ ಎಳೆದರೂ ಏನೂ ಆಗದೆ ಹಿಂದಕ್ಕೆ ಬರುತ್ತವೆ. ಇದು ತಿಳಿದದ್ದು 2015ರಲ್ಲಿ. ಇನ್ನು, ಅಷ್ಟು ನೀರು ನುಗ್ಗಿದಾಗ ಗಂಟಲಿಗೆ ಯಾಕೆ ಇಳಿಯುವುದಿಲ್ಲ? ಬಾಯಿಯ ಹಿಂಭಾಗದಲ್ಲಿ ಕೊಬ್ಬು, ಸ್ನಾಯುಗಳ ಒಂದು ಬಿರಡೆ ಇದೆ. ಬಾಯಿ ತೆರೆದಾಗ ಅದೇ ದಾರಿ ಮುಚ್ಚುತ್ತದೆ, ನುಂಗುವಾಗ ಮೇಲಕ್ಕೆ ಸರಿಯುತ್ತದೆ. ಇಷ್ಟು ದೊಡ್ಡ ಪ್ರಾಣಿಯ ಈ ಗುಟ್ಟು ಬಯಲಾದದ್ದು 2022ರಲ್ಲಿ!

ಈಗ ಕೂಗಿನ ವಿಷಯಕ್ಕೆ ಬರೋಣ. ಸಮುದ್ರದೊಳಗೆ ಕಿವಿಯಿಟ್ಟಿದ್ದ ಉಪಕರಣಗಳಲ್ಲಿ ಒಂದು ವಿಚಿತ್ರ ಮಿಡಿತ ಮತ್ತೆ ಮತ್ತೆ ದಾಖಲಾಗುತ್ತಿತ್ತು. ಸೆಕೆಂಡಿಗೆ 20 ಕಂಪನ, ಅಂದರೆ ಮನುಷ್ಯರ ಕಿವಿ ಕೇಳಬಲ್ಲ ಕೊನೆಯ ಅಂಚು. ಒಂದೊಂದು ಮಿಡಿತ ಸುಮಾರು ಒಂದು ಸೆಕೆಂಡು. ಗಡಿಯಾರದ ಹಾಗೆ ಗಂಟೆಗಟ್ಟಲೆ ನಡೆಯುತ್ತಿತ್ತು. ಯಂತ್ರ ಇರಬೇಕು, ಜಲಾಂತರ್ಗಾಮಿ ಇರಬೇಕು ಅಂತೆಲ್ಲ ಅನುಮಾನ ಬಂತು. ಅದು ಫಿನ್ ತಿಮಿಂಗಿಲದ ದನಿ ಎಂದು ವಿಲಿಯಂ ಶೆವಿಲ್, ವಿಲಿಯಂ ವಾಟ್ಕಿನ್ಸ್ ಮತ್ತು ಜೊತೆಗಾರರು 1964ರಲ್ಲಿ ತೋರಿಸಿಕೊಟ್ಟರು. ಹೀಗೆ ಹಾಡುವುದು ಗಂಡುಗಳು ಮಾತ್ರ ಎಂದು 2002ರಲ್ಲಿ ತಿಳಿಯಿತು. ದೊಡ್ಡ ಹಡಗಿನ ಸದ್ದಿನಷ್ಟೇ ಜೋರು. ನೂರಾರು ಕಿಲೋಮೀಟರ್ ಸಾಗುತ್ತದೆ.

ಇದು ಯಾರ ದನಿ ಎಂದು ಗೊತ್ತಾದ ಹೊತ್ತಿಗೆ ಹಾಡುವವರನ್ನೇ ಮುಗಿಸುವ ಕೆಲಸ ಭರದಿಂದ ಸಾಗಿತ್ತು. ಹಾಯಿದೋಣಿಗಳ ಕಾಲದಲ್ಲಿ ಇವು ಓಡಿ ತಪ್ಪಿಸಿಕೊಳ್ಳುತ್ತಿದ್ದವು. ಉಗಿ ಹಡಗು, ಸಿಡಿಯುವ ಈಟಿ ಬಂದ ಮೇಲೆ ಓಟ ನಡೆಯಲಿಲ್ಲ. ದಕ್ಷಿಣ ಗೋಳಾರ್ಧದಲ್ಲೇ 20ನೇ ಶತಮಾನದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಫಿನ್ ತಿಮಿಂಗಿಲಗಳನ್ನು ಕೊಂದರು. ಆ ಅಂಕಿ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1986ರಿಂದ ವ್ಯಾಪಾರಕ್ಕಾಗಿ ಬೇಟೆಯಾಡುವುದಕ್ಕೆ ಅಂತರರಾಷ್ಟ್ರೀಯ ತಡೆ ಬಂತು. ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿವೆ. ಅಂಟಾರ್ಕ್ಟಿಕಾದ ಎಲಿಫೆಂಟ್ ದ್ವೀಪದ ಬಳಿ ಸುಮಾರು 150 ತಿಮಿಂಗಿಲಗಳು ಒಟ್ಟಿಗೆ ಮೇಯುತ್ತಿದ್ದುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇನ್ನು ಆ ನಂಟು. ಅಮೆರಿಕದ ಒರೆಗಾನ್ ತೀರದಾಚೆ ಭೂಕಂಪ ಅಳೆಯಲು ಸಮುದ್ರದ ತಳದಲ್ಲಿ ಉಪಕರಣಗಳನ್ನು ಇಟ್ಟಿದ್ದರು. ಅವುಗಳಲ್ಲಿ ಫಿನ್ ತಿಮಿಂಗಿಲದ ಹಾಡೂ ದಾಖಲಾಗಿತ್ತು. ವಾಕ್ಲಾವ್ ಕುನಾ ಮತ್ತು ಜಾನ್ ನಾಬೆಲೆಕ್ ಅದನ್ನು ಬಿಡದೆ ಪರೀಕ್ಷಿಸಿದರು. ಕೂಗು ತಳಕ್ಕೆ ತಾಗಿ ನೆಲದೊಳಕ್ಕೂ ಇಳಿಯುತ್ತಿತ್ತು. ಒಂದೊಂದು ಪದರಕ್ಕೂ ಬಡಿದು ವಾಪಸ್ ಬರುತ್ತಿತ್ತು. ಮೇಲೆ ಹೂಳು, ಅದರ ಕೆಳಗೆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಕಲ್ಲು, ಇನ್ನೂ ಕೆಳಗೆ ಗ್ಯಾಬ್ರೋ ಎನ್ನುವ ಕಲ್ಲು. ಹೀಗೆ ತಿಮಿಂಗಿಲದ ಹಾಡಿನಿಂದಲೇ ಸಮುದ್ರದಡಿಯ ನೆಲವನ್ನು ಓದಬಹುದು ಎಂದು 2021ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಈ ಕೆಲಸಕ್ಕೆ ಹಡಗಿನಿಂದ ಗಾಳಿ ಸಿಡಿಸಿ ಭಾರೀ ಸದ್ದು ಮಾಡುತ್ತಾರೆ. ಆ ಸದ್ದು ಸಮುದ್ರದ ಜೀವಿಗಳಿಗೆ ತೊಂದರೆ ಕೊಡುತ್ತದೆ.

ಸಮುದ್ರದಡಿಯ ಆ ಬಸಾಲ್ಟ್ ಪದರದ ಮೇಲ್ಭಾಗ ಬಹುಪಾಲು ದಿಂಬು ಲಾವಾನೇ. ಇದನ್ನೆಲ್ಲ ಫೋನಿನಲ್ಲಿ ಅಕ್ಕನ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಾಗಾದ್ರೆ ಅಲ್ಲಿನ ದಿಂಬುಕಲ್ಲಿಗೆ ಅದರ ಹಾಡು ದಿನಾ ತಾಗುತ್ತಾ ಮಾಮ?"

ಗಂಡುಗಳು ಹಾಡುವ ಕಾಲದಲ್ಲಿ ತಾಗುತ್ತೆ ಪುಟ್ಟಿ, ಅಂದೆ. ಚಳಿಗಾಲದಲ್ಲಿ ಜಾಸ್ತಿ.